ಉರಿಯುವ ಬಲ್ಬು, ಉಳಿಯುವ ಬಲ್ಬು

ಮಂಡ್ಯದ ಸೀಮೆಯಲ್ಲಿ ಕಬ್ಬು ಅರೆಯುವ ಹಂಗಾಮು ಶುರುವಾಯಿತೆಂದರೆ ರಾತ್ರಿಯ ರಸ್ತೆಗೆ ಬೇರೆಯದೇ ರೂಪ ಬರುತ್ತದೆ. ಟ್ರ್ಯಾಕ್ಟರಿನ ಹಿಂದೆ ಟ್ರೇಲರು, ಅದರ ಮೇಲೆ ಆಳೆತ್ತರ ಪೇರಿಸಿದ ಕಬ್ಬು. ಹಿಂಭಾಗದಲ್ಲಿ ಕೆಂಪು ದೀಪ ಇದ್ದರೆ ಪುಣ್ಯ. ಎತ್ತಿನ ಗಾಡಿಗೆ ಆ ಪುಣ್ಯವೂ ಇಲ್ಲ. ಸುಗ್ಗಿಯಲ್ಲಿ ಹುರುಳಿ, ರಾಗಿ ತೆನೆಯನ್ನು ಡಾಂಬರಿನ ಮೇಲೆಯೇ ಹರಡುತ್ತಾರೆ. ವಾಹನಗಳು ಪಕ್ಕಕ್ಕೆ ಸರಿಯಲಿ ಎಂದು ಇಟ್ಟ ಕಲ್ಲುಗಳು ಒಕ್ಕಣೆ ಮುಗಿದ ಮೇಲೂ ಅಲ್ಲೇ ಕೂತಿರುತ್ತವೆ.

ಅಂಥ ರಸ್ತೆಯಲ್ಲಿ, ಮಗಳನ್ನು ಮೈಸೂರಿನ ಹಾಸ್ಟೆಲಿಗೆ ಬಿಟ್ಟು ಮಳವಳ್ಳಿ ಕಡೆಯ ತಮ್ಮೂರಿಗೆ ಒಬ್ಬರೇ ಮರಳುತ್ತಿದ್ದ ಮೇಷ್ಟ್ರೊಬ್ಬರ ಹಳೆಯ ಕಾರಿನ ಎಡಗಡೆಯ ಹೆಡ್‌ಲೈಟು ನಡುದಾರಿಯಲ್ಲಿ ಆರಿತು. ಉಳಿದ ಒಂದು ದೀಪದ ಮಂದ ಹಳದಿಯಲ್ಲಿ ಕಬ್ಬಿನ ಟ್ರೇಲರು ಕಂಡದ್ದು ತೀರ ಹತ್ತಿರ ಬಂದ ಮೇಲೆ. ಬ್ರೇಕು ಹಿಡಿಯಿತು, ಕಾರು ನಿಂತಾಗ ಕಬ್ಬಿನ ಗರಿ ಬಾನೆಟ್ಟಿನ ಮೇಲೆ ಆಡುತ್ತಿತ್ತು. ಮನೆಯಲ್ಲಿ ಅವರು ಇದನ್ನು ಹೇಳಲಿಲ್ಲ. ಮುಂದಿನ ಭಾನುವಾರ ಊರಿಗೆ ಬಂದ ಮಗಳಿಗೆ ಮಾತ್ರ ಹೇಳಿದರು. ಇಬ್ಬರೂ ಮಂಡ್ಯದ ಆಟೊ ಬಿಡಿಭಾಗಗಳ ಅಂಗಡಿಗೆ ಹೋದರು.

ಅಂಗಡಿಯವ ಗಲ್ಲೆಯ ಮುಂದೆ ಐದು ಡಬ್ಬಿ ಜೋಡಿಸಿದ. ಒಂದು ಸಾದಾ ಬಲ್ಬು. ಒಂದರ ಮೇಲೆ ‘ಲಾಂಗ್ ಲೈಫ್’ ಎಂಬ ಬರಹ. ಮತ್ತೊಂದರ ಮೇಲೆ ‘130 ಪರ್ಸೆಂಟ್ ಹೆಚ್ಚು ಬೆಳಕು’. ನಾಲ್ಕನೆಯದು ನೀಲಿ ಛಾಯೆಯ ಗಾಜಿನದು. ಐದನೆಯದನ್ನು ಮಾತ್ರ ಮೇಜಿನ ಕೆಳಗಿನಿಂದ ತೆಗೆದ: 100/90 ವ್ಯಾಟಿನದು.

“ಇದು ಹಾಕಿಸಿ ಸಾರ್, ರಾತ್ರೀನ ಹಗಲು ಮಾಡುತ್ತೆ.”

ದ್ವಿತೀಯ ಪಿ.ಯು. ವಿಜ್ಞಾನ ಓದುತ್ತಿದ್ದ ಮಗಳು ಕೇಳಿದಳು: “ಅಪ್ಪ, ಜಾಸ್ತಿ ಬೆಳಕು, ಜಾಸ್ತಿ ಬಾಳಿಕೆ ಎರಡೂ ಒಂದರಲ್ಲೇ ಸಿಗಲ್ವಾ?”

ಬಲ್ಬು ಕೊಳ್ಳಲು ಹೋದ ಪ್ರತಿಯೊಬ್ಬರ ಮನಸ್ಸಿನಲ್ಲೂ ಇರುವ ಪ್ರಶ್ನೆಯಿದು. ಡಬ್ಬಿಗಳ ಮೇಲಿನ ಬರಹ ನಂಬಿದರೆ ಸಿಗುತ್ತದೆ. ಭೌತವಿಜ್ಞಾನವನ್ನು ನಂಬಿದರೆ ಸಿಗುವುದಿಲ್ಲ.

ಹಳೆಯ ಮಾದರಿಯ ಬಹುಪಾಲು ಕಾರುಗಳಲ್ಲಿರುವುದು ಎಚ್-4 ಎಂಬ ಹ್ಯಾಲೋಜೆನ್ ಬಲ್ಬು. ಒಂದೇ ಗಾಜಿನ ಕೊಳವೆಯಲ್ಲಿ ಎರಡು ಟಂಗ್‌ಸ್ಟನ್ ತಂತುಗಳು. ಹೈ ಬೀಮಿಗೆ 60 ವ್ಯಾಟು, ಡಿಮ್ಮಿಗೆ 55 ವ್ಯಾಟು. ತಂತು ಹೆಚ್ಚು ಕಾದಷ್ಟೂ ಬೆಳಕು ಹೆಚ್ಚು ಮತ್ತು ಬಿಳುಪು. ಆದರೆ ಕಾದಷ್ಟೂ ಟಂಗ್‌ಸ್ಟನ್ ಆವಿಯಾಗಿ ತಂತು ಸವೆಯುತ್ತದೆ. ಎಲ್ಲಿ ತೆಳುವಾಯಿತೋ ಅಲ್ಲಿ ಇನ್ನಷ್ಟು ಕಾಯುತ್ತದೆ, ಕೊನೆಗೆ ಅಲ್ಲೇ ತುಂಡಾಗುತ್ತದೆ. ಹಿಂದಿನ ಕಾಲದ ಬಲ್ಬುಗಳಲ್ಲಿ ಈ ಆವಿ ಗಾಜಿನ ಒಳಮೈಗೆ ಅಂಟಿ ಮಸಿ ಹಿಡಿಸುತ್ತಿತ್ತು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಲ್ಮರ್ ಫ್ರೀಡ್ರಿಕ್ ಮತ್ತು ಎಮೆಟ್ ವೈಲಿ 1959ರಲ್ಲಿ ಪೇಟೆಂಟ್ ಪಡೆದ ಉಪಾಯವೆಂದರೆ ಬಲ್ಬಿನೊಳಕ್ಕೆ ಚೂರು ಅಯೋಡಿನ್ ಸೇರಿಸುವುದು. ಅದು ಆವಿಯಾದ ಟಂಗ್‌ಸ್ಟನ್ನನ್ನು ಗಾಜಿನ ಬಳಿ ಹಿಡಿದು ಮತ್ತೆ ಬಿಸಿ ತಂತುವಿನ ಬಳಿಗೆ ತಂದು ಬಿಡುತ್ತದೆ. 1962ರಲ್ಲಿ ಯುರೋಪಿನ ಕಾರುಗಳಿಗೆ ಎಚ್-1, 1971ರಲ್ಲಿ ಎಚ್-4 ಬಂದವು. ಈ ಚಕ್ರ ಮಸಿಯನ್ನು ತಡೆಯಿತು; ತಂತು ಸವೆಯುವುದನ್ನು ಪೂರ್ತಿ ತಡೆಯಲಿಲ್ಲ. ಹಿಂತಿರುಗುವ ಟಂಗ್‌ಸ್ಟನ್ ತೆಳುವಾದ ಜಾಗಕ್ಕೇ ಹೋಗಿ ಕೂರಬೇಕೆಂಬ ನಿಯಮವೇನೂ ಇಲ್ಲವಲ್ಲ!

ಈಗ ಲೆಕ್ಕ. ಪಿ.ಯು. ವಿದ್ಯಾರ್ಥಿಗಳು ಲಾಗರಿತಮ್ ಪುಸ್ತಕ ಹತ್ತಿರ ಇಟ್ಟುಕೊಳ್ಳಬಹುದು. ತಂತುವಿಗೆ ಕೊಡುವ ವೋಲ್ಟೇಜ್ ಬದಲಾದರೆ ಬೆಳಕು ಸುಮಾರಾಗಿ ಅದರ 3.4ನೇ ಘಾತದಷ್ಟು ಬದಲಾಗುತ್ತದೆ. ಬಾಳಿಕೆಯಾದರೋ 13ನೇ ಘಾತದಷ್ಟು, ಅದೂ ವಿಲೋಮವಾಗಿ. ವೋಲ್ಟೇಜನ್ನು ಶೇಕಡ 5 ಏರಿಸಿ: 1.05ರ ಲಾಗ್ 0.0212, ಅದನ್ನು 13ರಿಂದ ಗುಣಿಸಿದರೆ 0.2756, ಆಂಟಿಲಾಗ್ 1.886. ಎಂದರೆ ಬೆಳಕು ಶೇಕಡ 18ರಷ್ಟು ಹೆಚ್ಚಿತು, ಬಾಳಿಕೆ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಅಂಗಡಿಯ ಡಬ್ಬಿಗಳ ರಹಸ್ಯವೆಲ್ಲ ಈ ಎರಡು ಘಾತಗಳಲ್ಲೇ ಇದೆ. ‘ಹೆಚ್ಚು ಬೆಳಕಿನ’ ಬಲ್ಬೆಂದರೆ ತಂತುವನ್ನು ಬಿಗಿಯಾಗಿ, ಗಿಡ್ಡವಾಗಿ ಸುತ್ತಿ ಹೆಚ್ಚು ಕಾಯಿಸುವಂಥದು. ‘ಲಾಂಗ್ ಲೈಫ್’ ಎಂದರೆ ತುಸು ಕಡಿಮೆ ಕಾಯಿಸುವಂಥದು. ಸಾದಾ ಬಲ್ಬು ಕೆಲವು ನೂರು ಗಂಟೆ ಉರಿದರೆ ಮೊದಲಿನದು ಅದರ ಅರ್ಧವೂ ಬಾರದಿರಬಹುದು, ಎರಡನೆಯದು ಎರಡು ಮೂರು ಪಟ್ಟು ಬರಬಹುದು. ದಿನಕ್ಕೆ ಒಂದು ಗಂಟೆ ರಾತ್ರಿ ಓಡಾಟವಿದ್ದರೆ ವರ್ಷಕ್ಕೆ 365 ಗಂಟೆ. ಉಳಿದದ್ದನ್ನು ಲೆಕ್ಕ ಹಾಕಿಕೊಳ್ಳಿ.

ಹಾಗಾದರೆ ಆ ‘130 ಪರ್ಸೆಂಟ್’? ಅದು ಸುಳ್ಳೇನಲ್ಲ. ಪೂರ್ತಿ ನಿಜವೂ ಅಲ್ಲ. ಎಚ್-4 ಬಲ್ಬು ಹೈ ಬೀಮಿನಲ್ಲಿ 1650, ಡಿಮ್ಮಿನಲ್ಲಿ 1000 ಲ್ಯೂಮೆನ್ ಬೆಳಕು ಕೊಡಬೇಕು, ಶೇಕಡ 15ರಷ್ಟು ಆಚೀಚೆ ಆಗಬಹುದು ಎಂಬುದು ಅಂತರರಾಷ್ಟ್ರೀಯ ಮಾನದಂಡ. ಅದರೊಳಗೇ ಇರುವ ಬಲ್ಬು ಒಟ್ಟು ಬೆಳಕನ್ನು ಎರಡು ಪಟ್ಟು ಮಾಡುವುದು ಸಾಧ್ಯವೇ ಇಲ್ಲ. ಡಬ್ಬಿಯ ಮೂಲೆಯ ಸಣ್ಣಕ್ಷರ ಓದಿದರೆ ತಿಳಿಯುತ್ತದೆ: ರಸ್ತೆಯ ಮೇಲಿನ ಒಂದು ನಿರ್ದಿಷ್ಟ ಜಾಗದಲ್ಲಿ, ಕಾನೂನು ಕೇಳುವ ಕನಿಷ್ಠ ಬೆಳಕಿಗೆ ಹೋಲಿಸಿದರೆ ಅಷ್ಟು ಹೆಚ್ಚು. ಇನ್ನು ಬೆಳಕು ನಿಜಕ್ಕೂ ಎರಡು ಪಟ್ಟಾಯಿತೆಂದೇ ಇಟ್ಟುಕೊಳ್ಳಿ. ದೂರದ ವರ್ಗಕ್ಕೆ ವಿಲೋಮವಾಗಿ ಬೆಳಕು ತಗ್ಗುವುದರಿಂದ ಕಾಣುವ ದೂರ ಎರಡರ ವರ್ಗಮೂಲದಷ್ಟು, ಅಂದರೆ 1.41 ಪಟ್ಟು ಮಾತ್ರ ಹೆಚ್ಚುತ್ತದೆ. 50 ಮೀಟರ್ ಇದ್ದದ್ದು 70 ಆಗುತ್ತದೆ.

ಆ 20 ಮೀಟರು ಕಡಿಮೆಯದಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಅಡ್ಡ ಇದ್ದದ್ದು ಕಬ್ಬಿನ ಗಾಡಿ ಎಂದು ಗೊತ್ತಾಗಿ ಕಾಲು ಬ್ರೇಕಿಗೆ ಹೋಗುವ ಒಂದೂವರೆ ಸೆಕೆಂಡಿನಲ್ಲಿ 25 ಮೀಟರ್ ಕಳೆದಿರುತ್ತದೆ. ಒಣ ರಸ್ತೆಯಲ್ಲಿ ಬಲವಾಗಿ ಬ್ರೇಕ್ ಒತ್ತಿದರೂ ನಿಲ್ಲಲು ಮತ್ತೆ 20 ಮೀಟರ್ ಬೇಕು. ಒಟ್ಟು 45. ವೇಗ 80 ಆದರೆ ಇದೇ ಲೆಕ್ಕ 68 ಮೀಟರಿಗೆ ಹೋಗುತ್ತದೆ. ಡಿಮ್ ದೀಪದಲ್ಲಿ ಐವತ್ತು ಅರವತ್ತು ಮೀಟರಿನಾಚೆ ಕಪ್ಪು ಕಂಬಳಿ ಹೊದ್ದವನು ಕಾಣುವುದು ಕಷ್ಟ. ಯಾವ ಬಲ್ಬು ಹಾಕಿದರೂ ವೇಗ ಇಳಿಸುವಷ್ಟು ಫಲ ಕೊಡುವುದಿಲ್ಲ; ಬಲ್ಬಿನ ಡಬ್ಬಿಯ ಮೇಲೆ ಇದನ್ನು ಯಾರೂ ಅಚ್ಚು ಹಾಕುವುದಿಲ್ಲ ಅಷ್ಟೆ.

ನೀಲಿ ಛಾಯೆಯ ಬಲ್ಬು ಹುಡುಗರಿಗೆ ಪ್ರೀತಿ. ದೊಡ್ಡ ಕಾರಿನ ದೀಪದಂತೆ ಕಾಣುತ್ತದೆಯೆಂಬ ಒಂದೇ ಕಾರಣಕ್ಕೆ ಅದಕ್ಕೆ ಗಿರಾಕಿ. ಆ ನೀಲಿ ಬರುವುದು ಗಾಜಿನ ಲೇಪ ಹಳದಿ-ಕೆಂಪು ಬೆಳಕನ್ನು ತಡೆಹಿಡಿಯುವುದರಿಂದ. ಎಂದರೆ ಕೊಟ್ಟ ಬೆಳಕಿನಲ್ಲಿ ಒಂದು ಪಾಲನ್ನು ಬಲ್ಬೇ ನುಂಗಿತು; ಅದನ್ನು ಸರಿದೂಗಿಸಲು ತಂತುವನ್ನು ಇನ್ನಷ್ಟು ಕಾಯಿಸಬೇಕು, ಬಾಳಿಕೆ ಇನ್ನಷ್ಟು ಇಳಿಯಬೇಕು. ಹಣ ಹೆಚ್ಚು, ಬೆಳಕು ಕಡಿಮೆ, ಆಯಸ್ಸೂ ಕಡಿಮೆ. ಇದನ್ನು ಕೊಳ್ಳಲು ಒಂದೂ ಸಕಾರಣವಿಲ್ಲ.

100/90 ವ್ಯಾಟಿನದು ಇನ್ನೂ ಅಪಾಯದ್ದು. 60 ವ್ಯಾಟಿಗೆ 12 ವೋಲ್ಟಿನಲ್ಲಿ 5 ಆಂಪಿಯರ್ ಸಾಕು. 100 ವ್ಯಾಟಿಗೆ 8.3 ಬೇಕು. ವೈರಿನಲ್ಲಿ ಹುಟ್ಟುವ ಬಿಸಿ ವಿದ್ಯುತ್ತಿನ ವರ್ಗದಷ್ಟು ಏರುವುದರಿಂದ ಅದೇ ವೈರು ಮೊದಲಿಗಿಂತ ಹೆಚ್ಚುಕಡಿಮೆ 2.8 ಪಟ್ಟು ಕಾಯುತ್ತದೆ. ಹೋಲ್ಡರ್ ಕರಗಿ ಅಂಟಿಕೊಂಡ ಕಾರುಗಳನ್ನು ಯಾವ ಆಟೊ ಎಲೆಕ್ಟ್ರಿಷಿಯನ್ನನ ಬಳಿಯಾದರೂ ನೋಡಬಹುದು. ರಿಫ್ಲೆಕ್ಟರಿನ ಬೆಳ್ಳಿ ಬಣ್ಣ ಮಂಕಾದರೆ ಆಮೇಲೆ ಯಾವ ಬಲ್ಬು ಹಾಕಿದರೂ ಅಷ್ಟೆ. ಎದುರಿನಿಂದ ಬರುವವನ ಪಾಡು ಬೇರೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೆಯದು ಹೇಳುವುದು ಅವನ ಬಗ್ಗೆಯೇ: ದೀಪದಿಂದ 8 ಮೀಟರ್ ಮುಂದೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಬೆಳಕು ಕುಕ್ಕಬಾರದು. ಹಿಂದೆ ಹೆಡ್‌ಲೈಟಿನ ನಡುವೆ ಬಳಿಯುತ್ತಿದ್ದ ಆ ಕಪ್ಪು ಬೊಟ್ಟು ನೆನಪಿದೆಯೆ? ದಪ್ಪ ವ್ಯಾಟಿನ ಬಲ್ಬು ಹಾಕಿ, ಮೇಲೆ ಕಪ್ಪು ಬಣ್ಣ ಬಳಿದು ಓಡಾಡಿದವರೂ ಇದ್ದರು!

ಎಲ್‌ಇಡಿಯನ್ನು ಅಂಗಡಿಯವ ಕೊನೆಗೆ ತೋರಿಸಿದ. ಕಾರಿನೊಂದಿಗೇ ಬಂದ ಎಲ್‌ಇಡಿ ದೀಪದ ಮಾತು ಬೇರೆ, ಹ್ಯಾಲೋಜೆನ್ ಹೋಲ್ಡರಿಗೆ ತೂರಿಸುವ ಎಲ್‌ಇಡಿಯ ಮಾತು ಬೇರೆ. ಎಚ್-4ರ ಡಿಮ್ ತಂತುವಿನ ಕೆಳಗೆ ಪುಟ್ಟ ಲೋಹದ ಬಟ್ಟಲಿದೆ. ಬೆಳಕು ರಿಫ್ಲೆಕ್ಟರಿನ ಮೇಲ್ಭಾಗಕ್ಕೆ ಮಾತ್ರ ಬಿದ್ದು ರಸ್ತೆಯತ್ತ ಬಾಗಲೆಂದು. ರಿಫ್ಲೆಕ್ಟರಿನ ಆಕಾರವೆಲ್ಲ ಆ ಕೂದಲೆಳೆಯ ತಂತು ಇರುವ ಜಾಗವನ್ನು ನಂಬಿ ಮಾಡಿದ್ದು. ಚಪ್ಪಟೆ ಚಿಪ್ಪು ಸ್ವಲ್ಪವೇ ಆಚೀಚೆಯಾದರೂ ಬೆಳಕು ಚದುರಿ ಎದುರಿನವನ ಮುಖಕ್ಕೆ ಹೋಗುತ್ತದೆ. ಜರ್ಮನಿ 2020ರಲ್ಲಿ ಇಂಥ ಬಲ್ಬಿಗೆ ಮೊದಲು ಒಪ್ಪಿಗೆ ಕೊಟ್ಟಾಗಲೂ, ಒಂದೊಂದು ಮಾದರಿಯ ಕಾರಿನಲ್ಲಿ ಪರೀಕ್ಷಿಸಿ, ಆ ಮಾದರಿಗಳಿಗೆ ಮಾತ್ರ ಕೊಟ್ಟಿತು.

ಮೇಷ್ಟ್ರ ವಯಸ್ಸು ಐವತ್ತೆಂಟು. ಅರವತ್ತರ ಹತ್ತಿರದವರ ಅಕ್ಷಿಪಟಲಕ್ಕೆ ತಲುಪುವ ಬೆಳಕು ಇಪ್ಪತ್ತರವರ ಮೂರನೇ ಒಂದು ಪಾಲು ಮಾತ್ರ. ಪಾಪೆ ಕಿರಿದಾಗಿರುತ್ತದೆ, ಮಸೂರ ಹಳದಿಗಟ್ಟಿರುತ್ತದೆ. ಆದ್ದರಿಂದ ಬೆಳಕು ಬೇಕೆಂಬ ಅವರ ಹಂಬಲ ಸುಮ್ಮನೆ ಬಂದದ್ದಲ್ಲ. ಆದರೆ ಅದನ್ನು ಬಲ್ಬಿನಲ್ಲೇ ಹುಡುಕಬೇಕೆ?

“ಅಪ್ಪ, ಈ ಕಾರಿನ ಬಲ್ಬು ಎಷ್ಟು ವರ್ಷ ಬಂತು?” ಎಂದಳು ಮಗಳು.

“ಏಳು ವರ್ಷ ಕಣಮ್ಮ. ಗಟ್ಟಿ ಕಂಪನಿ.”

ಗಟ್ಟಿಯಾಗಿದ್ದದ್ದು ಕಂಪನಿಯಲ್ಲ. ಮನೆಗೆ ಬಂದು ಎಂಜಿನ್ ಚಾಲೂ ಮಾಡಿ, ದೀಪ ಹಾಕಿ, ಮಲ್ಟಿಮೀಟರಿನಲ್ಲಿ ಅಳೆದರು. ಬ್ಯಾಟರಿಯ ತುದಿಗಳಲ್ಲಿ 13.8 ವೋಲ್ಟ್, ಉರಿಯುತ್ತಿದ್ದ ಬಲ್ಬಿನ ಹೋಲ್ಡರಿನಲ್ಲಿ 12.4. ಮಧ್ಯದ 1.4 ವೋಲ್ಟನ್ನು ತೆಳ್ಳನೆಯ ವೈರು, ಸವೆದ ಸ್ವಿಚ್ಚು, ತುಕ್ಕು ಹಿಡಿದ ಅರ್ತಿಂಗ್ ತಿಂದುಹಾಕಿದ್ದವು. ಶೇಕಡ 10ರಷ್ಟು ಕಡಿಮೆ, 0.9ರ 3.4ನೇ ಘಾತ 0.70. ಬ್ಯಾಟರಿಯ ಬಳಿ ಇದ್ದ ಬೆಳಕಿನಲ್ಲಿ ಶೇಕಡ 30 ದಾರಿಯಲ್ಲೇ ಕಳುವಾಗಿತ್ತು. ಬಲ್ಬಿನ ಆಯಸ್ಸನ್ನು ಕಾರ್ಖಾನೆಯಲ್ಲಿ ಪರೀಕ್ಷಿಸುವುದು 13.2 ವೋಲ್ಟಿನಲ್ಲಿ. 12.4ರಲ್ಲಿ ಅದು ಎರಡು ಪಟ್ಟಿಗಿಂತ ಹೆಚ್ಚು ಬಾಳುತ್ತದೆ. ಏಳು ವರ್ಷದ ಬಾಳಿಕೆಯೆಂದು ಮೇಷ್ಟ್ರು ಹೆಮ್ಮೆಪಟ್ಟದ್ದು ಏಳು ವರ್ಷದ ಅರೆಗತ್ತಲು. ಇದರ ತಿರುಗುಮುರುಗೂ ಉಂಟು: ಮೂರು ತಿಂಗಳಿಗೊಮ್ಮೆ ಬಲ್ಬು ಸುಡುತ್ತಿದ್ದರೆ ಕಂಪನಿಯನ್ನು ಬೈಯುವ ಮೊದಲು ಆಲ್ಟರ್ನೇಟರಿನ ರೆಗ್ಯುಲೇಟರ್ ನೋಡಿಸಬೇಕು. ಅದು 15 ವೋಲ್ಟ್ ಬಿಡುತ್ತಿದ್ದರೆ ಬಲ್ಬಿನ ಬಾಳಿಕೆ ಐದನೇ ಒಂದು ಭಾಗಕ್ಕೆ ಇಳಿಯುತ್ತದೆ.

ಇದಕ್ಕೆ ಪರಿಹಾರ ರಿಲೇ. ಬ್ಯಾಟರಿಯಿಂದ ದಪ್ಪ ವೈರು, ಫ್ಯೂಸು, ರಿಲೇ, ಅಲ್ಲಿಂದ ನೇರ ಬಲ್ಬು. ಹಳೆಯ ಸ್ವಿಚ್ಚಿನ ಕೆಲಸ ರಿಲೇಯನ್ನು ಎಬ್ಬಿಸುವುದಷ್ಟೆ. ಎಲೆಕ್ಟ್ರಿಷಿಯನ್ನನಿಗೆ ಅರ್ಧ ದಿನದ ಕೆಲಸ. ಮೇಷ್ಟ್ರು ಕೊಂಡದ್ದು ಒಂದು ಜೊತೆ ಸಾದಾ 60/55 ಬಲ್ಬು, ಡಬ್ಬಿಯ ಮೇಲೆ ವೃತ್ತದೊಳಗೆ ಇಂಗ್ಲಿಷಿನ ‘ಇ’ ಅಕ್ಷರವೂ ಅಂಕಿಯೂ ಇದ್ದದ್ದು. ಅಂಕಿ 1 ಇದ್ದರೆ ಅದು ಜರ್ಮನಿಯಲ್ಲಿ ಪಡೆದ ಒಪ್ಪಿಗೆ. ‘ಲಾಂಗ್ ಲೈಫ್’ ಹಗಲಲ್ಲೂ ದೀಪ ಉರಿಸುವವರಿಗೆ, ಬಲ್ಬು ಬದಲಿಸಲು ಬಂಪರೇ ಬಿಚ್ಚಬೇಕಾದ ಕಾರಿನವರಿಗೆ ಸರಿ. 2017ರ ಏಪ್ರಿಲ್‌ನಿಂದ ಹೊಸ ಬೈಕು-ಸ್ಕೂಟರುಗಳ ದೀಪ ಎಂಜಿನ್ನಿನೊಂದಿಗೇ ಉರಿಯುವುದರಿಂದ, ಹ್ಯಾಲೋಜೆನ್ ಬಲ್ಬಿನ ಬೈಕು ಓಡಿಸುವ ಕಾಲೇಜು ಹುಡುಗರಿಗೂ ಅದೇ ಸರಿ.

ಹಾಕುವಾಗ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಎಣ್ಣೆ ಅಂಟಿದ ಜಾಗ ಬಿಸಿಗೆ ಕೆಟ್ಟು ಗಾಜು ಸೀಳುತ್ತದೆ. ಮುಟ್ಟಿದರೆ ಸ್ಪಿರಿಟ್ಟಿನಲ್ಲಿ ಒರೆಸಿದರಾಯಿತು. ಬಲ್ಬಿನ ಮೂರು ಕಿವಿಗಳು ಒಂದೇ ರೀತಿಯಲ್ಲಿ ಕೂರುತ್ತವೆ, ಒತ್ತಾಯ ಬೇಡ. ಹಳದಿಗಟ್ಟಿದ ಪ್ಲಾಸ್ಟಿಕ್ ಮುಸುಕನ್ನು ಪಾಲಿಶ್ ಮಾಡಿಸಿದರೆ ಸಿಗುವ ಬೆಳಕು ಯಾವ ದುಬಾರಿ ಬಲ್ಬಿಗೂ ಸಾಟಿ.

ರಿಲೇ ಹಾಕಿಸಿದ ಸಂಜೆ ಅಪ್ಪ-ಮಗಳು ಕಾರನ್ನು ಶಾಲೆಯ ಗೋಡೆಯ ಮುಂದೆ ಸಮನೆಲದಲ್ಲಿ, 10 ಮೀಟರ್ ಅಳೆದು ನಿಲ್ಲಿಸಿದರು. ದೀಪದ ನಡುಮಟ್ಟದ ಎತ್ತರಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದ ಒಂದು ಗೆರೆ, ಅದರ ಕೆಳಗೆ 10 ಸೆಂಟಿಮೀಟರಿಗೆ ಇನ್ನೊಂದು. ಡಿಮ್ ಬೆಳಕಿನ ಮೇಲಂಚು ಕೆಳಗಿನ ಗೆರೆಗೆ ಕೂರುವವರೆಗೆ ಮಗಳು ಸ್ಕ್ರೂ ತಿರುಗಿಸಿದಳು. ಬಲಗಡೆಯದು ಒಂದು ಗೇಣು ಮೇಲಕ್ಕಿತ್ತು. ಇನ್ನೂ ಉರಿಯುತ್ತಿದ್ದ ಹಳೆಯ ಬಲಬಲ್ಬನ್ನು ಹೊಸದರ ಖಾಲಿ ಡಬ್ಬಿಯಲ್ಲಿಟ್ಟು, ಒಂದು ಹಾಳೆ ಟಿಶ್ಯೂ ಸುತ್ತಿ, ಡಿಕ್ಕಿಯಲ್ಲಿ ಸ್ಟೆಪ್ನಿಯ ಪಕ್ಕ ಸಿಕ್ಕಿಸಿದಳು.