ಬಾಡಿಗೆ ಆಟಗಾರನಿಗೂ ನಿಯತ್ತು ಬೇಕು

ಸುಗ್ಗಿ ಮುಗಿದರೆ ಸಾಕು, ನಮ್ಮ ಹಳಿಯಾಳ, ಮುಂಡಗೋಡ ಕಡೆ ಹೊನಲು ಬೆಳಕಿನ ಕಬಡ್ಡಿ ಶುರು. ಕೊಯ್ಲಾದ ಗದ್ದೆಯಲ್ಲೇ ಅಂಕಣ, ಮೈಕಿನಲ್ಲಿ ರಾತ್ರಿಯಿಡೀ ಕಾಮೆಂಟ್ರಿ. ಅನೇಕ ತಂಡಗಳಲ್ಲಿ ಇಬ್ಬರೋ ಮೂವರೋ ಹೊರಗಿನವರು ಇರುತ್ತಾರೆ. ಒಂದು ರಾತ್ರಿಗೆ ಇಷ್ಟು ಎಂದು ಮಾತಾಡಿಕೊಂಡು ಬಂದವರು. ಜನ ಅವರನ್ನು ‘ಬಾಡಿಗೆ ಆಟಗಾರ’ ಎಂದು ಹಂಗಿಸುತ್ತಾರೆ.

ಈ ಹಂಗಿಸುವಿಕೆ ನನಗೆ ಹಿಡಿಸುವುದಿಲ್ಲ. ದಾಂಡೇಲಿಯ ಕಾಗದ ಕಾರ್ಖಾನೆಗೆ ಪಾಳಿಗೆ ಹೋಗುವವರು ಸಂಬಳಕ್ಕೇ ಹೋಗುತ್ತಾರೆ. ನಾನು ಬಿ.ಇ. ಓದುತ್ತಿರುವುದೂ ನೌಕರಿಗಾಗಿಯೇ. ಮೊಣಕಾಲು ಕೆತ್ತಿಸಿಕೊಂಡು ರೇಡ್ ಮಾಡುವವನು ಮಾತ್ರ ಪುಕ್ಕಟೆ ಆಡಬೇಕೇ? ದುಡ್ಡು ತಪ್ಪಲ್ಲ. ತಪ್ಪು ಎಲ್ಲಿದೆ ಎಂದು ನನಗೆ ಗೊತ್ತಾದದ್ದು ನಾನೇ ಮಾಡಿದ ಮೇಲೆ.

ಹೋದ ವರ್ಷ ಪಕ್ಕದೂರಿನ ತಂಡದವರು 1,500 ರೂಪಾಯಿಗೆ ಕರೆದರು. ಅದೇ ಪಂದ್ಯಾವಳಿಗೆ ನಮ್ಮ ಓಣಿಯ ತಂಡವೂ ಹೆಸರು ಕೊಟ್ಟಿತ್ತು. ನಮ್ಮ ಕ್ಯಾಪ್ಟನ್ ಅಣ್ಣನಿಗೆ ಕಾಲು ಉಳುಕಿದೆ ಎಂದು ಹೇಳಿ ಹೋದೆ. ನಮ್ಮವರು ಮೊದಲ ಸುತ್ತಿನಲ್ಲೇ ಸೋತು ಮನೆಗೆ ಹೋಗುತ್ತಾರೆ ಎಂಬ ಲೆಕ್ಕ ನನ್ನದು. ಅವರು ಸೆಮಿಫೈನಲ್‌ಗೆ ಬಂದರು, ನಮ್ಮೆದುರಿಗೇ. ಅಣ್ಣ ನನ್ನ ಜರ್ಸಿ ನೋಡಿದ, ಕಾಲು ನೋಡಿದ. ‘ಕಾಲು ಆರಾಮಾತೇನಪಾ?’ ಎಂದ, ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ದಿನ ನಾವು ಗೆದ್ದೆವು. ನನ್ನ ಒಂದು ರೇಡೂ ಸರಿಯಾಗಲಿಲ್ಲ.

‘ಅಣ್ಣಾ, ದುಡ್ಡು ಬೇಕಾಗೇತಿ, ಈ ಸಲ ಅಲ್ಲಿ ಆಡ್ತೀನಿ’ ಎಂದು ಮೊದಲೇ ಹೇಳಿದ್ದರೆ ಬೇರೊಬ್ಬ ಹುಡುಗನನ್ನು ತಯಾರು ಮಾಡುತ್ತಿದ್ದರು. ನಿಷ್ಠೆ ಎಂದರೆ ಸಾಯುವವರೆಗೂ ಒಂದೇ ತಂಡ ಎಂದಲ್ಲ. ವಿರಾಟ್ ಕೊಹ್ಲಿ 2008ರಿಂದ ಒಂದೇ ತಂಡದಲ್ಲಿದ್ದು 2025ರಲ್ಲಿ ಕಪ್ ಎತ್ತಿದ್ದಕ್ಕೆ ನಾವೂ ಪಟಾಕಿ ಹೊಡೆದೆವು. ಆದರೆ ಕೋಟಿಗಟ್ಟಲೆ ಕೊಟ್ಟು ಉಳಿಸಿಕೊಳ್ಳುವ ಕಡೆ ಉಳಿಯುವುದು ಅಷ್ಟೇನೂ ಕಷ್ಟವಲ್ಲ.

ನನಗೆ ಹೆಚ್ಚು ನಾಟುವುದು ರಾಹುಲ್ ದ್ರಾವಿಡ್ 2018ರಲ್ಲಿ ಮಾಡಿದ್ದು. 19 ವರ್ಷದೊಳಗಿನವರ ವಿಶ್ವಕಪ್ ಗೆದ್ದಾಗ ಮಂಡಳಿ ಕೋಚ್ ದ್ರಾವಿಡ್‌ಗೆ 50 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ಘೋಷಿಸಿತು. ಎಲ್ಲರಿಗೂ ಒಂದೇ ಸಮ ಕೊಡಿ ಎಂದರು ಅವರು. ಕೊನೆಗೆ ಅವರಿಗೂ 25, ಉಳಿದವರಿಗೂ 25. ವಿನಯ ಎಂದರೆ ತಲೆ ತಗ್ಗಿಸಿ ನಿಲ್ಲುವುದು ಎಂದುಕೊಂಡಿದ್ದೆ. ಇಲ್ಲಿ ಅದಕ್ಕೆ ನಿಜವಾಗಿ 25 ಲಕ್ಷದ ಬೆಲೆ ಇತ್ತು.

ಆಟಗಾರನಿಂದ ನಿಷ್ಠೆ ಕೇಳುವವರು ತಮ್ಮ ಕಡೆಯದನ್ನೂ ನೋಡಿಕೊಳ್ಳಬೇಕು. 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ನಮ್ಮ ಜಿಲ್ಲೆಯ ಸಿದ್ದಿ ಮಕ್ಕಳನ್ನು ಆಯ್ದು ಹಾಸ್ಟೆಲ್‌ನಲ್ಲಿಟ್ಟು ತರಬೇತಿ ಕೊಟ್ಟಿತು. ಕಮಲಾ ಸಿದ್ದಿ ಅವರಂಥ ಅಥ್ಲೀಟ್ ಬಂದದ್ದು ಆ ಯೋಜನೆಯಿಂದಲೇ. ಕೆಲವೇ ವರ್ಷಗಳಲ್ಲಿ ಅದು ನಿಂತಿತು, ಹಲವರು ಊರಿಗೆ, ಕೂಲಿಗೆ ಮರಳಿದರು. ತಂಡ ಬಿಟ್ಟುಹೋದವರು ಯಾರು ಅಲ್ಲಿ? ಜೊಯಿಡಾ, ಮುಂಡಗೋಡದ ಹುಡುಗ ಇಂದು ಒಂದು ರಾತ್ರಿಯ ದುಡ್ಡಿಗೆ ಆಡಿದರೆ ಬೆರಳು ತೋರಿಸುವ ಮೊದಲು ಇದೂ ನೆನಪಿರಲಿ.

ಈ ವರ್ಷ ಅಣ್ಣನ ಮನೆಗೆ ಹೋಗಿ ಎಲ್ಲ ಹೇಳಿದೆ. ‘ಪ್ರಾಕ್ಟೀಸಿಗೆ ಬಾ’ ಎಂದ. ಹೋಗುತ್ತಿದ್ದೇನೆ. ಮೊದಲ ಏಳರಲ್ಲಿ ನನ್ನ ಹೆಸರಿಲ್ಲ. ಸದ್ಯಕ್ಕೆ ಅಂಕಣಕ್ಕೆ ಸುಣ್ಣದ ಗೆರೆ ಹಾಕುವುದು ನನ್ನ ಪಾಲಿನ ಕೆಲಸ.