ಕುರುಕ್ಷೇತ್ರ ಅಥವಾ ಸಂಧಾನ

ಬೇಸಿಗೆ ಬಂತೆಂದರೆ ಗುಬ್ಬಿ, ಕುಣಿಗಲ್ ಸೀಮೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕದ ಕರಪತ್ರ ಹಂಚುತ್ತಾರೆ: ‘ಕುರುಕ್ಷೇತ್ರ ಅಥವಾ ಶ್ರೀಕೃಷ್ಣ ಸಂಧಾನ’. ಗುಬ್ಬಿ ವೀರಣ್ಣನವರು ತಮ್ಮ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ, ಕುದುರೆಗಳನ್ನೇ ತಂದಿದ್ದರು. ನಮ್ಮೂರುಗಳಲ್ಲಿ ಅಷ್ಟು ವೈಭವವಿಲ್ಲ. ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿದರೆ ಸಾಕು, ಜನ ಕಣ್ಣು ತಿಕ್ಕಿಕೊಂಡು ಸಂಧಾನದ ದೃಶ್ಯಕ್ಕೆ ಕಾಯುತ್ತಾರೆ. ಅಲ್ಲಿ ಮಾತು ಮುರಿಯುತ್ತದೆ. ಮುಂದಿನದೆಲ್ಲ ಅದರ ಫಲ.

ಮೇ 10 ವಿಶ್ವ ಲೂಪಸ್ ದಿನ. ಮೈ ಕಾಯುವ ಕೋಶಗಳೇ ಮೈಮೇಲೆ ತಿರುಗಿಬೀಳುವ ಈ ಕಾಯಿಲೆಯಲ್ಲೂ ಕೆಡುವುದು ಮಾತೇ. ಒಬ್ಬ ಖಳನಿದ್ದಿದ್ದರೆ ಹಿಡಿದುಹಾಕಬಹುದಿತ್ತು. ಇಲ್ಲಿ ಪ್ರತಿಯೊಂದು ಕೋಶವೂ ಇನ್ನೊಂದರ ಮಾತು ನಂಬಿ ತನ್ನ ಕರ್ತವ್ಯ ಮಾಡುತ್ತದೆ. ಸತ್ತ ಜೀವಕೋಶಗಳ ಕಸ ಬೇಗ ತೆರವಾಗದೆ ಉಳಿದರೆ ಅದರೊಳಗಿನ ಡಿಎನ್‌ಎ ತುಣುಕು ಕಾವಲಿನ ಡೆಂಡ್ರಿಟಿಕ್ ಕೋಶಕ್ಕೆ ಸಿಗುತ್ತದೆ. ವೈರಸ್ ನುಗ್ಗಿತೆಂದು ಅದು ಇಂಟರ್‌ಫೆರಾನ್ ಸುರಿಸಿ ಕೂಗು ಹಾಕುತ್ತದೆ. ಕೂಗಿಗೆ ಎದ್ದ ಟಿ ಕೋಶ ಬಿ ಕೋಶವನ್ನು ಹುರಿದುಂಬಿಸುತ್ತದೆ. ಬಿ ಕೋಶ ಸ್ವಂತ ಡಿಎನ್‌ಎ ವಿರುದ್ಧವೇ ಪ್ರತಿಕಾಯ ಹೊರಡಿಸುತ್ತದೆ. ಪ್ರತಿಕಾಯ, ಡಿಎನ್‌ಎ ಎರಡೂ ಕಚ್ಚಿಕೊಂಡ ಗಂಟು ಮೂತ್ರಪಿಂಡದ ಜರಡಿಯಲ್ಲಿ ಸಿಕ್ಕಿ ಉರಿ ಹಚ್ಚುತ್ತದೆ. ಅಂಥದೇ ಗಂಟು ಡೆಂಡ್ರಿಟಿಕ್ ಕೋಶಕ್ಕೆ ಮತ್ತೆ ಸಿಕ್ಕರೆ ಕೂಗು ಇಮ್ಮಡಿ.

ಈ ಗದ್ದಲದ ನಡುವೆ ‘ತಡಿ’ ಎನ್ನುವವೂ ಇವೆ: ನಿಯಂತ್ರಕ ಟಿ ಕೋಶಗಳು. 1995ರಲ್ಲಿ ಇವನ್ನು ಗುರುತಿಸಿದ ಜಪಾನಿನ ಶಿಮೋನ್ ಸಕಾಗುಚಿ ಅವರಿಗೆ, ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಜೊತೆಗೆ, 2025ರ ವೈದ್ಯಕೀಯ ನೊಬೆಲ್ ಸಂದಿತು. ಕೊರೊನಾ ಬಂದಾಗಿನಿಂದ ‘ಇಮ್ಯುನಿಟಿ’ ಹೆಚ್ಚಿಸಿಕೊಳ್ಳಲು ಕಷಾಯ ಕುಡಿದದ್ದೇ ಕುಡಿದದ್ದು. ಹೊಡೆಯುವ ಬಲದಷ್ಟೇ ಕೈ ತಡೆಯುವ ಬಲವೂ ಆರೋಗ್ಯವೆಂಬುದನ್ನು ಯಾವ ಪೊಟ್ಟಣದ ಮೇಲೂ ನಾನು ಓದಲಿಲ್ಲ.

ಔಷಧಗಳೂ ಸಂಧಾನದ ದಾರಿ ಹಿಡಿದಿವೆ. ಮಲೇರಿಯಾಕ್ಕೆಂದು ಬಂದ ಹೈಡ್ರಾಕ್ಸಿಕ್ಲೋರೋಕ್ವಿನ್ ಡೆಂಡ್ರಿಟಿಕ್ ಕೋಶದ ಕೂಗನ್ನು ತಗ್ಗಿಸುತ್ತದೆ. ಬೆಂಗಳೂರಿನ ಬಯೋಕಾನ್ 2013ರಲ್ಲಿ ಸೋರಿಯಾಸಿಸ್‌ಗೆಂದು ಮಾರುಕಟ್ಟೆಗೆ ತಂದ ಇಟೋಲಿಜುಮ್ಯಾಬ್, ಟಿ ಕೋಶವನ್ನು ಕೊಲ್ಲದೆ ಅದರ ಮೇಲಿನ ಸಿಡಿ6 ಎಂಬ ಕೊಂಡಿಯನ್ನಷ್ಟೇ ಹಿಡಿದು ಉದ್ರೇಕ ಇಳಿಸುತ್ತದೆ. ಲೂಪಸ್‌ನಿಂದ ಮೂತ್ರಪಿಂಡ ಕೆಟ್ಟವರಲ್ಲೂ ಅದನ್ನು ಪ್ರಯೋಗಿಸಿ ನೋಡಿದ್ದಾರೆ.

ಮನೆಯೊಳಗಿನ ಸಂಧಾನದ ಮಾತೇ ಬೇರೆ. ಲೂಪಸ್ ಬಂದ ಹತ್ತು ಜನರಲ್ಲಿ ಒಂಬತ್ತು ಮಂದಿ ಹೆಂಗಸರು, ಬಹುಪಾಲು ಹೆರುವ ವಯಸ್ಸಿನವರು. ಕೆನ್ನೆಯಿಂದ ಕೆನ್ನೆಗೆ ಚಿಟ್ಟೆಯಂತೆ ಹರಡಿದ ಕೆಂಪನ್ನು ನಾವು ‘ಬಂಗು’ ಎನ್ನುತ್ತೇವೆ. ಕೀಲುನೋವನ್ನು ‘ವಾಯು’, ಸುಸ್ತನ್ನು ‘ಸೋಮಾರಿತನ’. “ಬೆಳಿಗ್ಗೆ ಎದ್ರೆ ಬೆರಳು ಮಡಚೋಕಾಗಲ್ಲ ಅತ್ತೆ” ಎಂದ ಸೊಸೆಗೆ “ಎಲ್ಲಾರ್ಗೂ ಇರೋದೇ ಕಣಮ್ಮ” ಎಂಬ ಉತ್ತರ ಸಿದ್ಧ. ಅತ್ತೆಯೂ ಕೆಟ್ಟವಳಲ್ಲ, ಅವಳು ನೋವು ಹೇಳಿಕೊಂಡಾಗಲೂ ಯಾರೋ ಹೀಗೇ ಅಂದಿದ್ದರು.

ರಕ್ತದಲ್ಲಿ ಎಎನ್‌ಎ ಎಂಬ ಪ್ರತಿಕಾಯ, ಮೂತ್ರದಲ್ಲಿ ಪ್ರೋಟೀನ್: ಪತ್ತೆ ಶುರುವಾಗುವುದು ಇಂಥ ಸಣ್ಣ ಪರೀಕ್ಷೆಗಳಿಂದ. ತುಮಕೂರಿನಿಂದ ಬೆಂಗಳೂರಿನ ದೊಡ್ಡಾಸ್ಪತ್ರೆಗಳಿಗೆ ಸುಮಾರು 70 ಕಿಲೋಮೀಟರು. ಅಡುಗೆಮನೆಯಲ್ಲಿ ಹುಟ್ಟಿದ ಸೊಸೆಯ ಆ ಒಂದು ಮಾತು ನಡುಮನೆಗೆ ಬಂದು ಮುಟ್ಟಲು ಆ ಪಯಣಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತಿದೆ.

— ಸಂಪಾದಕ