ಹಾರವಾದ ಒಂದು ಸಂಖ್ಯೆ

ಗಣಿತವು ವಿಜ್ಞಾನ ವಿದ್ಯಾರ್ಥಿಗಳ ಸ್ವತ್ತು, ಕಲಾ ವಿಭಾಗದ ನಮಗೂ ಅದಕ್ಕೂ ಸಂಬಂಧವಿಲ್ಲ ಎಂಬ ಮಾತು ನಮ್ಮಲ್ಲಿ ಮೇಲಿಂದ ಮೇಲೆ ಕೇಳಿಬರುತ್ತದೆ. ಈ ಮಾತನ್ನು ನಾನು ಒಪ್ಪಲಾರೆ. ನನ್ನ ವಾದಕ್ಕೆ ಸಾಕ್ಷಿಯಾಗಿ ಒಂದೇ ಒಂದು ಸಂಖ್ಯೆಯನ್ನು ವಾಚಕರ ಮುಂದಿಡುತ್ತೇನೆ: 12345654321.

ಎಡದಿಂದ ಓದಿದರೂ ಬಲದಿಂದ ಓದಿದರೂ ಇದು ಒಂದೇ. ಸುಮಾರು 850ರಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ 27994681ನ್ನು 441ರಿಂದ ಗುಣಿಸಿ ಈ ಸಂಖ್ಯೆಯನ್ನು ಪಡೆದನು. ಒಂದರಿಂದ ಆರರವರೆಗೆ ಏರಿ ಮತ್ತೆ ಕ್ರಮವಾಗಿ ಇಳಿಯುವುದೆಂದು ಅದನ್ನು ವರ್ಣಿಸಿದನು. ಇಂತಹ ಗುಣಲಬ್ಧಗಳು ಅವನ ಕಣ್ಣಿಗೆ ಕೊರಳ ಹಾರಗಳು. ಗ್ರಂಥವಿರುವುದು ಸಂಸ್ಕೃತ ಪದ್ಯದಲ್ಲಿ. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಅದನ್ನು ತೆಲುಗಿಗೆ ತಂದನು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡಿ ಬೆಳೆದ ಚಿಂತಾಮಣಿ, ಗೌರಿಬಿದನೂರು ಕಡೆಯ ಗೆಳೆಯರಿಗೆ ಇದು ಎರಡು ಕಡೆಯಿಂದಲೂ ಬಂದ ಪಿತ್ರಾರ್ಜಿತವೆನ್ನಬಹುದು. ಪದ್ಯದಲ್ಲಿ ಹೇಳಿದ ಗಣಿತ ಕಲೆಯಲ್ಲದೆ ಮತ್ತೇನು?

ಈ ಹಾರದ ಗುಟ್ಟನ್ನು ಬಿಡಿಸಲು ಪ್ರಾಥಮಿಕ ಶಾಲೆಯ ಗುಣಾಕಾರವೇ ಸಾಕು. 111111ನ್ನು ಅದರಿಂದಲೇ ಗುಣಿಸಿ ನೋಡಿರಿ. ಆರು ಸಾಲು ಒಂದುಗಳು ಒಂದೊಂದು ಸ್ಥಾನ ಸರಿದು ನಿಲ್ಲುತ್ತವೆ. ಮೊದಲ ಕಂಬದಲ್ಲಿ ಒಂದು, ಮುಂದಿನದರಲ್ಲಿ ಎರಡು, ನಡುವೆ ಆರು, ಮತ್ತೆ ಇಳಿತ. ಒಂಬತ್ತು ಒಂದುಗಳವರೆಗೂ ಈ ಚೆಲುವು ನಿಲ್ಲುತ್ತದೆ. ಹತ್ತಕ್ಕೆ ಬಂದೊಡನೆ ದಶಕವು ಪಕ್ಕದ ಮನೆಗೆ ಹಾರಿ, 1234567900987654321 ಎಂದಾಗಿ ಹಾರ ಹರಿಯುತ್ತದೆ.

ಇಲ್ಲಿ ವಿಚಾರಮಾಡತಕ್ಕ ವಿಷಯವೊಂದುಂಟು. ಈ ಹಾರವು ಸಂಖ್ಯೆಯ ಗುಣವಲ್ಲ, ನಾವು ಹತ್ತರ ಲೆಕ್ಕದಲ್ಲಿ ಬರೆಯುವ ರೀತಿಯ ಗುಣ. ಗಣಕಯಂತ್ರದಂತೆ ಸೊನ್ನೆ ಮತ್ತು ಒಂದುಗಳಲ್ಲಿ ಬರೆದರೆ ಅದು ಕಾಣದು. ಆದರೆ 111111 ಎಂಬುದು 3, 7, 11, 13, 37 ಈ ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ. ಇದು ಯಾವ ಲಿಪಿಯಲ್ಲಿ ಬರೆದರೂ ಅಳಿಯದು. ಆಚಾರ್ಯನ 441 ಎಂದರೆ 3 ಮತ್ತು 7ರ ಗುಣಲಬ್ಧದ ವರ್ಗ. 27994681 ಎಂದರೆ ಉಳಿದ ಮೂರರ ಗುಣಲಬ್ಧದ ವರ್ಗ. ತೋರಿಕೆ ಯಾವುದು, ತಿರುಳು ಯಾವುದು ಎಂದು ಬೇರ್ಪಡಿಸುವುದೇ ವಿದ್ಯೆಯಾದರೆ, ಚರಿತ್ರೆ ಸಾಹಿತ್ಯಗಳಲ್ಲಿ ನಾವು ಮಾಡುವುದೂ ಅದನ್ನೇ ಅಲ್ಲವೆ?

ಇದರಿಂದ ಪ್ರಯೋಜನವೇನು, ಲೆಕ್ಕಕ್ಕೆ ಯಂತ್ರವಿದೆಯಲ್ಲ ಎಂದು ಕೆಲವರು ಕೇಳಬಹುದು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ತೂಕವನ್ನು ದರದಿಂದ ಗುಣಿಸಲು ಕೈಯೊಳಗಿನ ಫೋನು ಸಾಕು, ನಿಜ. ಅದು ಉತ್ತರವನ್ನು ಕೊಡುತ್ತದೆ. ಏಕೆ ಹಾಗೆ ಎಂದು ಕೇಳುವ ಕೆಲಸ ನಮಗೇ ಉಳಿಯುತ್ತದೆ. ನಮ್ಮಲ್ಲಿ ಹಲವರು ನಾಳೆ ಈ ತಾಲ್ಲೂಕುಗಳ ಶಾಲೆಗಳಲ್ಲಿ ಉಪಾಧ್ಯಾಯರಾಗುವವರು. ಲೆಕ್ಕಕ್ಕೆ ಅಂಜುವ ಉಪಾಧ್ಯಾಯ ಮಕ್ಕಳಿಗೆ ಪಾಠಕ್ಕಿಂತ ಮೊದಲು ಅಂಜಿಕೆಯನ್ನೇ ಕಲಿಸುತ್ತಾನೆ. ಆದುದರಿಂದ ಅಧ್ಯಾಪಕರು ವಾರಕ್ಕೊಂದು ಗಂಟೆ ಕಲಾ ವಿದ್ಯಾರ್ಥಿಗಳಿಗೂ ಇಂತಹ ಗಣಿತವನ್ನು ಹೇಳಬೇಕೆಂದು ಬಿನ್ನವಿಸುತ್ತೇನೆ. ಪರೀಕ್ಷೆಯೂ ಬೇಡ, ಅಂಕಗಳೂ ಬೇಡ; ಒಂದು ಕರಿಹಲಗೆ, ಒಂದು ಸೀಮೆಸುಣ್ಣ ಇದ್ದರಾಯಿತು.